ಕರಪತ್ರದ ಏಳನೆಯ ಸಾಲು

ಕೈ ತೊಳೆದಾಗಿತ್ತು. ಆದರೂ ಡಾಕ್ಟರ್ ಆರ್ನೆ ಕೆಟೋಲಾ ನಲ್ಲಿ ನಿಲ್ಲಿಸದೆ ಬೆರಳ ಸಂದುಗಳಿಗೆ ಇನ್ನೊಮ್ಮೆ ಸೋಪು ಹಚ್ಚಿಕೊಂಡ. ಕಿಟಕಿಯಾಚೆ ಸರೋವರ ಇನ್ನೂ ಹೆಪ್ಪುಗಟ್ಟಿಯೇ ಇತ್ತು. ಮಾರ್ಚ್ ತಿಂಗಳು ಅರ್ಧ ಕಳೆದರೂ ಮಂಜುಗಡ್ಡೆ ಒಡೆದು ಅದಿರಿನ ಹಡಗುಗಳಿಗೆ ದಾರಿ ಬಿಡಿಸುವ ದೋಣಿ ಈ ವರ್ಷ ಬಂದಿರಲಿಲ್ಲ. ಮೂವತ್ತೊಂದು ವರ್ಷದಿಂದ ಇದೇ ತೊಟ್ಟಿಯ ಮುಂದೆ ನಿಂತು ಇದೇ ಬಿಳುಪನ್ನು ನೋಡಿದ್ದಾನೆ. ಇವತ್ತು ಮಾತ್ರ ಅದು ಕಣ್ಣಿಗೆ ಚುಚ್ಚುತ್ತಿತ್ತು. ಅರವತ್ತೊಂದು ವರ್ಷದವನು, ಡುಲೂತ್ ಊರಿನ ಅರ್ಧದಷ್ಟು ಮಕ್ಕಳ ಎದೆಗೆ ಸ್ಟೆತಸ್ಕೋಪ್ ಇಟ್ಟವನು, ಒಂದು ಬುಧವಾರ ಬೆಳಿಗ್ಗೆ ಎರಡು ಗಂಡು ಕೂಸುಗಳಿಗೆ ಸುನ್ನತಿ ಮಾಡುವುದಕ್ಕೆ ಹೀಗೆ ಕೈ ತೊಳೆಯುತ್ತ ಹೊತ್ತು ಕಳೆಯುವುದೆಂದರೆ ಏನು. ಧರ್ಮ ಯಾವುದಾದರೂ ಇಲ್ಲಿ ಹೆಚ್ಚಿನವರು ಗಂಡುಮಕ್ಕಳಿಗೆ ಇದನ್ನು ಮಾಡಿಸುತ್ತಿದ್ದರು; ವಾರಕ್ಕೆ ಐದು, ಕೆಲವು ವಾರ ಆರು. ಅದನ್ನು ಐವತ್ತರಿಂದ ಗುಣಿಸಿ, ಮತ್ತೆ ಮೂವತ್ತೊಂದರಿಂದ ಗುಣಿಸಹೊರಟು, ಎಂಟು ಸಾವಿರದ ಹತ್ತಿರ ಬಂದಾಗ ಹೆದರಿ ನಿಲ್ಲಿಸಿದ. ಕೋಟಿನ ಜೇಬಿನಲ್ಲಿ ಮರಗಟ್ಟಿಸುವ ಔಷಧದ ಚಿಕ್ಕ ಸೀಸೆಯಿತ್ತು. ಅದನ್ನು ಔಷಧಾಲಯದಿಂದ ಕೇಳಿ ತರುವಾಗ, ಕದ್ದು ತರುವವನ ಹಾಗೆ, ಯಾರೂ ಕೇಳದಿದ್ದರೂ, ಹೊಲಿಗೆ ಹಾಕುವ ಗಾಯವೊಂದಿದೆ ಎಂದು ಸುಳ್ಳು ಹೇಳಿದ್ದ.

ಭಾನುವಾರ ಮಗ ಗ್ಲೆನ್ ಫೋನ್ ಮಾಡಿದ್ದ. ಸೊಸೆ ಮೊರೀನ್‌ಗೆ ಏಳು ತಿಂಗಳು ತುಂಬಿತ್ತು. ಗಂಡು ಮಗು ಅಂತ ಹೇಳಿದ್ದಾರೆ ಅಪ್ಪ ಎಂದು ಶುರುಮಾಡಿ, ಕೋಣೆಗೆ ಬಣ್ಣ, ತೊಟ್ಟಿಲಿಗೆ ತಾನೇ ಕೊಯ್ದಿಟ್ಟ ಮರ ಎಂದೆಲ್ಲ ಹೇಳಿ, ಕೊನೆಗೆ, ಫೋನ್ ಇಡುವ ಮೊದಲು ಉಳಿದ ಸಣ್ಣ ವಿಷಯವೆಂಬಂತೆ, ಅವನದನ್ನೂ ನೀನೇ ಮಾಡಬೇಕು, ನನ್ನದನ್ನು ಮಾಡಿದವನು ನೀನೇ ಅಲ್ಲವೇ ಎಂದಿದ್ದ. ಬುಧವಾರ ಊಟಕ್ಕೆ ಬನ್ನಿ, ಮಾತಾಡೋಣ ಎಂದಷ್ಟೇ ಹೇಳಿ ಆರ್ನೆ ಫೋನ್ ಇಟ್ಟ. ಮೂರು ದಿನದಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಪರೀಕ್ಷೆಗೆ ಬಂದ ಮಗುವಿನ ಕಿವಿಯೊಳಗೆ ಬೆಳಕು ಬಿಟ್ಟು, ಏನು ನೋಡಲೆಂದು ಬಿಟ್ಟೆ ಎಂದು ಮರೆತುಬಿಡುತ್ತಾನೆ. ಹೆಂಡತಿ ಐಲಿ ನಿನ್ನೆ ಸಂಜೆ, ಆ ಪತ್ರಿಕೆಯ ಅದೇ ಪುಟವನ್ನು ಒಂದು ಗಂಟೆಯಿಂದ ಹಿಡಿದಿದ್ದೀಯ ಎಂದಳು.

ಅದು ವೈದ್ಯರ ಪತ್ರಿಕೆ. ಮೂರು ವಾರದ ಹಿಂದೆ ಡಾಕ್ಟರ್ ರೂತ್ ಗಿಟ್ಲಿನ್ ತಂದು ಅವನ ಮೇಜಿನ ಮೇಲೆ ಇಟ್ಟು ಹೋಗಿದ್ದಳು. ಮಕ್ಕಳ ವಿಭಾಗಕ್ಕೆ ಬಂದು ಎರಡು ವರ್ಷವಾಗಿತ್ತಷ್ಟೆ. ಅವನ ಮಗನಿಗಿಂತ ನಾಲ್ಕು ವರ್ಷ ದೊಡ್ಡವಳು. ಹಸುಗೂಸಿನ ಎದೆಬಡಿತ, ರಕ್ತದಲ್ಲಿನ ಆಮ್ಲಜನಕ, ಬೆವರು, ಎಲ್ಲವನ್ನೂ ಅಳೆದು, ಹುಟ್ಟಿದ ಮರುದಿನವೇ ಮಗುವಿಗೆ ನೋವು ಪೂರ್ತಿಯಾಗಿ ತಿಳಿಯುತ್ತದೆ ಎಂದು ತೋರಿಸಿದ ಲೇಖನ. ಇಂಥದನ್ನು ಹತ್ತು ವರ್ಷದಿಂದ ಯಾರೋ ಒಬ್ಬರು ಬರೆಯುತ್ತಲೇ ಇದ್ದರು. ತಾನು ಪುಟ ತಿರುಗಿಸಿ ಮುಂದೆ ಹೋಗುತ್ತಿದ್ದೆ ಎಂಬುದೂ ಅವನಿಗೆ ಗೊತ್ತಿತ್ತು. ಇವತ್ತು ಮೂರು ಗಂಟೆಗೆ ಆಸ್ಪತ್ರೆಯ ಸಮಿತಿ ಸೇರುವುದಿತ್ತು. ಬಾಣಂತಿಯರಿಗೆ ಕೊಡುವ ಹಳದಿ ಕರಪತ್ರವನ್ನು ತಿದ್ದುವ ವಿಷಯ. ಸುನ್ನತಿ ಮಾಡಿಸಬೇಕೆ ಬೇಡವೆ ಎಂದು ತಾಯಂದಿರು ಓದಿ ಸಹಿ ಹಾಕುವ ಕಾಗದ ಅದು. ಅದರ ಏಳನೆಯ ಸಾಲು: ಈ ವಯಸ್ಸಿನ ಶಿಶುವಿಗೆ ನೋವಿನ ಅರಿವು ಇರುವುದಿಲ್ಲ. ಹದಿನೇಳು ವರ್ಷದ ಹಿಂದೆ ಒಂದು ಶುಕ್ರವಾರ ಮಧ್ಯಾಹ್ನ ಅದನ್ನು ಬರೆದವನು ಆರ್ನೆ. ಬರೆಯಲು ಎಷ್ಟು ಹೊತ್ತು ಹಿಡಿದಿತ್ತು ಎಂದು ನೆನಪಿಸಿಕೊಳ್ಳಲು ನೋಡಿದ. ಹೊತ್ತೇ ಹಿಡಿದಿರಲಿಲ್ಲ. ಆರನೆಯ ಸಾಲಿನ ಹಿಂದೆಯೇ ಬಂದಿತ್ತು.

ನರ್ಸ್ ಬರ್ನಿಸ್ ಮೊದಲನೆಯ ಮಗುವನ್ನು ತಂದು ಪ್ಲಾಸ್ಟಿಕ್ ಹಲಗೆಯ ಮೇಲೆ ಮಲಗಿಸಿದಳು. ಮಗುವಿನ ಆಕಾರಕ್ಕೆ ತಗ್ಗು ಮಾಡಿದ ಹಲಗೆ, ಕೈಕಾಲಿಗೆ ನಾಲ್ಕು ಪಟ್ಟಿ. ಇಪ್ಪತ್ತೊಂದು ವರ್ಷದಿಂದ ಅವಳೇ ಆ ಪಟ್ಟಿಗಳನ್ನು ಬಿಗಿಯುತ್ತಿದ್ದಳು. ಗಣಿ ಊರಿನಿಂದ ಬಂದ ಗಟ್ಟಿ ಹೆಂಗಸು, ಮಾತು ಕಡಿಮೆ. ಇವತ್ತು ಪಟ್ಟಿ ಬಿಗಿದ ಮೇಲೆ ಅವಳು ಕೈ ಕಟ್ಟಿಕೊಂಡು ಗೋಡೆಯ ಕಡೆ ನೋಡುತ್ತ ಹೇಳಿದಳು:

"ಡಾಕ್ಟ್ರೇ, ಮುಂದಿನ ತಿಂಗಳಿಂದ ನಾನು ಇದಕ್ಕೆ ನಿಲ್ಲಲ್ಲ. ಮೇಟ್ರನ್‌ಗೆ ಬರೆದು ಕೊಟ್ಟಿದೀನಿ. ನಿಮಗೆ ಮೊದಲು ಹೇಳ್ಬೇಕಿತ್ತು, ಬಾಯಿ ಬರಲಿಲ್ಲ."

ಯಾವಾಗ ಬರೆದು ಕೊಟ್ಟೆ ಎಂದು ಕೇಳಿದ. ಹತ್ತು ದಿನವಾಯಿತು ಎಂದಳು. ಅಂದರೆ ಹತ್ತು ದಿನದಿಂದ ಮೇಟ್ರನ್‌ಗೆ ಗೊತ್ತು, ನರ್ಸುಗಳ ಕಾಫಿ ಕೋಣೆಗೆ ಗೊತ್ತು. ತಾನು ಒಳಗೆ ಹೋದಾಗ ಮೊನ್ನೆ ಅಲ್ಲಿ ಮಾತು ನಿಂತದ್ದು ಇದಕ್ಕೇ ಇರಬೇಕು. ಕಿವಿ ಬಿಸಿಯಾಯಿತು. ಏನೂ ಆಗದವನಂತೆ, ಸರಿ, ಇವತ್ತು ಇದನ್ನು ಕೊಟ್ಟು ನೋಡೋಣ ಎಂದು ಜೇಬಿನಿಂದ ಸೀಸೆ ತೆಗೆದ. ಅವಳು ಸೀಸೆಯನ್ನು ನೋಡಿದಳು, ಅವನನ್ನು ನೋಡಿದಳು, ಸಣ್ಣ ಸೂಜಿಯೊಂದನ್ನು ತಂದುಕೊಟ್ಟಳು.

ಎರಡು ಚುಚ್ಚು. ಎರಡಕ್ಕೂ ಮಗು ಮುಖ ಕಿವುಚಿ ಕಿರುಚಿತು, ಆಮೇಲೆ ಸುಮ್ಮನಾಯಿತು. ಜಾಗ ಮರಗಟ್ಟಲು ಐದು ನಿಮಿಷ ಕಾಯಬೇಕೆಂದು ಲೇಖನದಲ್ಲಿ ಬರೆದಿತ್ತು. ಈ ಕೋಣೆಯಲ್ಲಿ ಅವನು ಐದು ನಿಮಿಷ ಸುಮ್ಮನೆ ನಿಂತದ್ದೇ ಇರಲಿಲ್ಲ. ಎಲ್ಲವೂ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು, ಕೈ ಚುರುಕು ಎಂದು ಅವನಿಗೆ ಹೆಸರಿತ್ತು. ಗಡಿಯಾರದ ಮುಳ್ಳನ್ನು ನೋಡುತ್ತ ನಿಂತವನಿಗೆ ನೌಕಾದಳದ ತರಬೇತಿ ಶಿಬಿರದ ಸ್ನಾನದ ಮನೆ ಕಣ್ಣಿಗೆ ಬಂತು. ಸಾಲಾಗಿ ಹನ್ನೆರಡು ನಲ್ಲಿ, ಓಹಾಯೊ ಕಡೆಯ ಹುಡುಗರು, ಹತ್ತೊಂಬತ್ತು ವರ್ಷದ ಅವನು. ಅವನ ಕಡೆ ನೋಡಿ ಒಬ್ಬ ಏನೋ ಅಂದ, ಉಳಿದವರು ನಕ್ಕರು. ಅವನ ಅಪ್ಪನಂಥ ಹಡಗುಕಟ್ಟೆಯ ಕೂಲಿಗಳು, ವಲಸೆ ಬಂದ ಫಿನ್ನರು, ತಮ್ಮ ಮಕ್ಕಳಿಗೆ ಇದನ್ನೆಲ್ಲ ಮಾಡಿಸುತ್ತಿರಲಿಲ್ಲ. ಅದು ಆ ನಗುವಿನಲ್ಲಿ ಎಲ್ಲರಿಗೂ ಗೊತ್ತಾಗಿಹೋಯಿತು. ಒಂದು ವಾರ ಬಿಟ್ಟು ಅವನೇ ಶಿಬಿರದ ವೈದ್ಯರ ಬಳಿ ಹೋಗಿ ನನಗೂ ಮಾಡಿ ಎಂದ. ಅರಿವಳಿಕೆ ಕೊಟ್ಟು ಮಾಡಿದರು. ಅದರ ಬಲ ಇಳಿದ ಮೇಲಿನ ಹತ್ತು ದಿನ, ಕಂಬಳಿಯ ಭಾರವನ್ನೂ ತಡೆಯಲಾಗದೆ ಮೊಣಕಾಲು ಎತ್ತಿ ಮಲಗಿದ್ದ. ರಜೆಗೆ ಮನೆಗೆ ಬಂದ ಶನಿವಾರ, ಹಬೆಸ್ನಾನದ ಕೋಣೆ ಸೌನಾದೊಳಗೆ, ಮೇಲಿನ ಹಲಗೆಯಲ್ಲಿ ಕೂತಿದ್ದ ಅಪ್ಪ ಒಮ್ಮೆ ನೋಡಿ ಮುಖ ತಿರುಗಿಸಿದ. ಬಿಸಿ ಕಲ್ಲಿಗೆ ನೀರು ಹಾಕಿದ. ಯಾರು ಮಾಡಿಸಿದ್ದು ಎಂದು ಕೇಳಿದ. ಯಾರೂ ಅಲ್ಲ ಅಪ್ಪ, ನಾನೇ ಎಂದ ಆರ್ನೆ. ಹಾಗಾದರೆ ಇನ್ನೂ ಕೆಟ್ಟದ್ದು ಎಂದು ಅಪ್ಪ ಎದ್ದು ಹೋದ. ಆ ನೋವನ್ನು ಬಲ್ಲವನು, ಮೈಯಲ್ಲಿ ಇಟ್ಟುಕೊಂಡವನು, ಅದೇ ಕೈಯಿಂದ ಏಳನೆಯ ಸಾಲನ್ನು ಬರೆದದ್ದು ಹೇಗೆ? ದೊಡ್ಡವರ ನೋವು ಬೇರೆ ಎಂದು ಕಲಿಸಿದ್ದರು. ಕಲಿಸಿದ್ದರು, ಹೌದು. ಕಲಿಸಿದ್ದನ್ನು ಅವನು ಸಂತೋಷದಿಂದ ಕಲಿತಿದ್ದ.

"ಆಯ್ತು, ಐದು ನಿಮಿಷ," ಎಂದಳು ಬರ್ನಿಸ್.

ಕ್ಲ್ಯಾಂಪ್ ಎತ್ತಿಕೊಂಡ. ಭುಜಗಳು ತಾವಾಗಿಯೇ ಬಿಗಿದುಕೊಂಡವು. ಬರಲಿರುವ ಕೂಗಿಗೆ ಮೈಯೆಲ್ಲ ತಯಾರಾಗಿ ನಿಂತಿತು. ಮೂವತ್ತೊಂದು ವರ್ಷದಿಂದ ಅವನು ಆ ಕೂಗನ್ನು ಕೇಳದೆ ಇರುವುದನ್ನು ಅಭ್ಯಾಸ ಮಾಡಿಕೊಂಡಿದ್ದ; ಚಳಿಯೆಂದು ಅಳುತ್ತವೆ, ಕಟ್ಟಿಹಾಕಿದ್ದಕ್ಕೆ ಅಳುತ್ತವೆ, ಹಸಿವೆಂದು ಅಳುತ್ತವೆ. ಇವತ್ತೂ ಚಳಿಯಿತ್ತು. ಇವತ್ತೂ ಕಟ್ಟಿಹಾಕಿತ್ತು. ಹಸಿದೂ ಇತ್ತು, ಹಾಲು ಕುಡಿದು ಮೂರು ಗಂಟೆಯಾಗಿತ್ತು. ಅವನು ಕತ್ತರಿಸಿದ. ಮಗು ಮೇಲಿನ ದೀಪವನ್ನು ನೋಡುತ್ತ, ತುಟಿಯನ್ನು ಒಮ್ಮೆ ಚಪ್ಪರಿಸಿ, ಕಣ್ಣು ಪಿಳುಕಿಸಿತು. ಅಷ್ಟೇ. ಕೋಣೆಯಲ್ಲಿ ಗೋಡೆಯ ಬಿಸಿನೀರಿನ ಕೊಳವೆ ಟಿಕ್ ಟಿಕ್ ಎನ್ನುವುದು ಕೇಳಿಸಿತು. ಆ ಕೊಳವೆ ಸದ್ದು ಮಾಡುತ್ತದೆಂದು ಅವನಿಗೆ ಈವರೆಗೆ ಗೊತ್ತೇ ಇರಲಿಲ್ಲ. ಕೈ ತನ್ನ ಕೆಲಸ ಮುಗಿಸಿತು. ಬರ್ನಿಸ್ ಪಟ್ಟಿ ಬಿಚ್ಚುವಾಗ ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು, ತನಗೂ ಹಾಗೇ ಆದರೆ ಎಂದು ಹೆದರಿ, ಎರಡನೆಯದನ್ನು ತಾ ಎಂದು ಒರಟಾಗಿ ಹೇಳಿದ. ಎರಡನೆಯ ಮಗುವೂ ಅಳಲಿಲ್ಲ. ಮೊದಲನೆಯದು ಆಕಸ್ಮಿಕ ಇರಬಹುದು ಎಂಬ ಸಣ್ಣದೊಂದು ಆಸೆ ಅವನಲ್ಲಿ ಇತ್ತು, ಅದೂ ಹೋಯಿತು.

ತಾಯಿಗೆ ತಿಳಿಸುವುದು ವೈದ್ಯನ ಕೆಲಸ. ಮೊದಲನೆಯ ಮಗುವಿನ ತಾಯಿ ಟ್ಯಾಮಿ, ಇಪ್ಪತ್ತೆರಡರ ಹುಡುಗಿ, ಹಾಸಿಗೆಯಲ್ಲಿ ಕೂತು ಜೆಲ್ಲಿ ತಿನ್ನುತ್ತಿದ್ದಳು. ಎಲ್ಲ ಚೆನ್ನಾಗಿ ಆಯಿತು ಎಂದ. ಅಳ್ತಾ ಎಂದು ಕೇಳಿದಳು. ಈ ಪ್ರಶ್ನೆಗೆ ಅವನ ಬಳಿ ಸದಾ ಒಂದು ಉತ್ತರ ಸಿದ್ಧವಿತ್ತು. ಇವತ್ತು ಮೊದಲ ಬಾರಿಗೆ ಅದು ನಿಜವಾಗಿದ್ದರಿಂದಲೋ ಏನೋ, ಬಾಯಿ ತಪ್ಪಿತು.

"ಇವತ್ತು ಅಳಲಿಲ್ಲ," ಎಂದ.

"ಇವತ್ತು ಅಂದ್ರೆ?" ಚಮಚ ಅವಳ ಕೈಯಲ್ಲೇ ನಿಂತಿತು. "ದೊಡ್ಡೋನಿಗೂ ನೀವೇ ಮಾಡಿದ್ದು ಡಾಕ್ಟ್ರೇ. ಅವನೂ ಅಳಲಿಲ್ಲ ಅಂದಿದ್ರಿ."

ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ, ಬರೀ ನೆನಪಿತ್ತು. ಅವನು ಮಗುವಿನ ತಲೆಯ ಟೊಪ್ಪಿಯನ್ನು ಸರಿಮಾಡಿದ, ಸರಿಯಾಗಿದ್ದ ಹೊದಿಕೆಯನ್ನು ಬಿಚ್ಚಿ ಮತ್ತೆ ಸುತ್ತಿದ, ಸಂಜೆಯೊಳಗೆ ಮೂತ್ರ ಮಾಡದಿದ್ದರೆ ನರ್ಸಿಗೆ ಹೇಳು ಎಂದು ಹೇಳಿ ಹೊರಬಿದ್ದ. ಎದುರಿಗೆ ಬಟ್ಟೆ ಇಡುವ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಹೋಗಿ, ಮಡಿಸಿಟ್ಟ ಚಿಕ್ಕಚಿಕ್ಕ ಕಂಬಳಿಗಳ ನಡುವೆ ಸ್ಟೂಲಿನ ಮೇಲೆ ಕೂತ. ಎಂಟು ಸಾವಿರ ಕೂಗುಗಳನ್ನು ಒಟ್ಟಿಗೆ ಕೇಳಿಸಿಕೊಳ್ಳಲು ನೋಡಿದ, ಆಗಲಿಲ್ಲ, ಒಂದನ್ನೂ ನೆನಪಿಟ್ಟಿರಲಿಲ್ಲ. ಕೇಳಿಸುತ್ತಿದ್ದದ್ದು ಇವತ್ತಿನ ಮೌನ ಮಾತ್ರ. ನೆಲ ಒರೆಸುವ ಹೆಂಗಸು ಬಕೆಟ್ಟಿನೊಂದಿಗೆ ಒಳಬಂದು ಬೆಚ್ಚಿದಳು. ಏನಾದರೂ ಬೇಕಿತ್ತಾ ಡಾಕ್ಟ್ರೇ ಎಂದಳು. ಕಂಬಳಿ ಎಂದ. ಒಂದನ್ನು ಎತ್ತಿಕೊಂಡು ನಡೆದ. ಆ ಹಳದಿ ಕಂಬಳಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೂರನೆಯ ಮಹಡಿಯವರೆಗೂ ಹಿಡಿದುಕೊಂಡೇ ಹೋದ.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ರೂತ್ ಗಿಟ್ಲಿನ್ ತಟ್ಟೆ ಹಿಡಿದು ಬಂದು ಎದುರಿಗೆ ಕೂತಳು. ಸೂಜಿಯ ವಿಷಯ ಆಗಲೇ ಅವಳಿಗೆ ಮುಟ್ಟಿತ್ತು. ಅವಳು ಹೊಗಳಲಿಲ್ಲ, ಅದಕ್ಕೆ ಅವನು ಮನಸ್ಸಿನಲ್ಲೇ ಕೃತಜ್ಞನಾದ. ಹಾಗಾದರೆ ಇದನ್ನು ಪೂರ್ತಿ ನಿಲ್ಲಿಸಬೇಕು ಎನ್ನುತ್ತೀಯಾ ಎಂದು ಕೇಳಿದ. ಅವಳು ಬ್ರೆಡ್ಡಿನ ಅಂಚು ಮುರಿದಳು. ನಾನು ಹಾಗನ್ನಲಿಲ್ಲ ಎಂದಳು. ಕೆಲವರು ಮೂತ್ರದ ಸೋಂಕು ಕಡಿಮೆಯಾಗುತ್ತದೆ ಎಂದು ಹೊಸ ಲೆಕ್ಕ ತಂದಿದ್ದಾರೆ, ಕೆಲವರು ಅಷ್ಟಕ್ಕಾಗಿ ಎಲ್ಲ ಮಕ್ಕಳನ್ನೂ ಕೊಯ್ಯಬೇಕೆ ಎನ್ನುತ್ತಾರೆ. ಎರಡನ್ನೂ ತಾಯಿತಂದೆಗೆ ಹೇಳೋಣ, ಅವರು ತೂಗಿಕೊಳ್ಳಲಿ. ಅವಳ ಮಗನಿಗೆ ಎಂಟನೆಯ ದಿನ ಮನೆಯಲ್ಲೇ ಆಗಿತ್ತು, ಅವರ ಯೆಹೂದಿ ಧರ್ಮದ ಪ್ರಕಾರ. ಬೇಡವೆಂದು ಚಳವಳಿ ಮಾಡುವವರಲ್ಲಿ ಬಹಳ ಜನ ಒಳ್ಳೆಯವರು, ಆದರೆ ಕೆಲವರು ತನಗೆ ಬರೆಯುವ ಕಾಗದಗಳಲ್ಲಿ ತನ್ನ ಜನದ ಮೇಲಿನ ಹಳೆಯ ಹೊಲಸೆಲ್ಲ ಇರುತ್ತದೆ ಎಂದಳು. ಅಂಥ ಎರಡು ಕಾಗದ ಮೇಜಿನ ಸೆಳೆಖಾನೆಯಲ್ಲಿವೆ, ಗಂಡನಿಗೆ ತೋರಿಸಿಲ್ಲ.

"ನಮ್ಮ ಮನೇಲಿ ಅವತ್ತು ಮೂವತ್ತು ಜನ ಇದ್ರು," ಎಂದಳು. "ಮಗು ಅತ್ತಾಗ ನಾನೂ ಅತ್ತೆ, ನಮ್ಮ ಮಾವನೂ ಅತ್ರು. ನೋವಾಗಲ್ಲ ಅಂತ ಯಾರೂ ಯಾರಿಗೂ ಹೇಳಲಿಲ್ಲ, ಆರ್ನೆ. ನಾನು ಕೇಳ್ತಿರೋದು ಅಷ್ಟೇ. ಮಾಡಿ, ಬಿಡಿ, ಸುಳ್ಳು ಹೇಳ್ಬೇಡಿ."

ಸಮಿತಿಯಲ್ಲಿ ಐದು ಜನ. ಅಧ್ಯಕ್ಷ ಡಾಕ್ಟರ್ ವೆಂಡೆಲ್ ಪ್ರಾಟ್, ಹೆರಿಗೆ ವಿಭಾಗದ ಹಿರಿಯ, ಆರ್ನೆಯ ಜೊತೆ ಇಪ್ಪತ್ತು ವರ್ಷದಿಂದ ಮೀನು ಹಿಡಿಯಲು ಹೋಗುವವನು. ಮೇಟ್ರನ್ ಮಿಸೆಸ್ ಲುಂಡ್. ಆಸ್ಪತ್ರೆಯ ವಕೀಲ. ರೂತ್. ಆರ್ನೆ. ಮೂಲೆಯಲ್ಲಿ ಟಿಪ್ಪಣಿ ಬರೆದುಕೊಳ್ಳುವ ಹುಡುಗಿ. ಪ್ರಾಟ್ ಆಗಲೇ ತಿದ್ದಿದ ಕರಪತ್ರ ತಂದಿದ್ದ. ಏಳನೆಯ ಸಾಲು ಇರಲಿಲ್ಲ. ಅದರ ಜಾಗದಲ್ಲಿ, ನೋವಿನ ಬಗ್ಗೆ ನಿಮ್ಮ ವೈದ್ಯರೊಡನೆ ಮಾತನಾಡಿ ಎಂದಿತ್ತು. ನಡಾವಳಿಯಲ್ಲಿ, ಭಾಷೆಯನ್ನು ಇಂದಿನ ಕಾಲಕ್ಕೆ ಹೊಂದಿಸಲಾಗಿದೆ ಎಂದು ಬರೆದರೆ ಸಾಕು ಎಂದ. ಎಲ್ಲರೂ ತಲೆಯಾಡಿಸುತ್ತಿದ್ದರು. ಎಷ್ಟು ಸುಲಭ ಎಂದುಕೊಂಡ ಆರ್ನೆ. ಬರೆದಾಗ ಎಷ್ಟು ಸುಲಭವಿತ್ತೋ ಅಳಿಸುವುದೂ ಅಷ್ಟೇ ಸುಲಭ. ಸುಮ್ಮನಿದ್ದರೆ ಐದು ನಿಮಿಷದಲ್ಲಿ ಮನೆಗೆ ಹೋಗಬಹುದು. ಬೂಟಿನೊಳಗೆ ಕಾಲ ಬೆರಳುಗಳು ಮಡಚಿ ಬಿಚ್ಚುತ್ತಿದ್ದವು. ಹುಡುಗನಾಗಿದ್ದಾಗ ಶಾಲೆಯಲ್ಲಿ, ಇಂಗ್ಲಿಷ್ ಇನ್ನೂ ಸರಿಯಾಗಿ ಬಾರದ ಕಾಲದಲ್ಲಿ, ಉತ್ತರ ಗೊತ್ತಿದ್ದೂ ಕೈ ಎತ್ತದೆ ಹೀಗೇ ಕೂತಿರುತ್ತಿದ್ದ.

"ಆ ಸಾಲು ನಾನು ಬರೆದದ್ದು," ಎಂದ. ದನಿ ತನ್ನದೆಂದು ಅನ್ನಿಸಲಿಲ್ಲ. "ಅದು ಹಳೇ ಭಾಷೆ ಅಲ್ಲ, ವೆಂಡೆಲ್. ಅದು ತಪ್ಪು. ಬರೆದಾಗ್ಲೂ ತಪ್ಪೇ. ಗೊತ್ತಿರಲಿಲ್ಲ ಅಂತ ಹೇಳೋಕಾಗಲ್ಲ, ನೋಡೋಕೆ ಹೋಗಲಿಲ್ಲ. ಹಾಗಂತ ಬರೀರಿ."

ಹುಡುಗಿ ಪೆನ್ನು ಎತ್ತಿ ಪ್ರಾಟ್‌ನ ಮುಖ ನೋಡಿದಳು. ವಕೀಲ ಕನ್ನಡಕ ತೆಗೆದು ಮೃದುವಾಗಿ ನಕ್ಕ. ಡಾಕ್ಟರ್ ಈಗ ಹೇಳಿದ್ದು ನಮಗೆ ಯಾರಿಗೂ ಕೇಳಿಸಲಿಲ್ಲ ಅಂತ ಇಟ್ಟುಕೊಳ್ಳೋಣ, ಅವರ ಒಳ್ಳೆಯದಕ್ಕೇ ಎಂದ. ಪ್ರಾಟ್ ಮೇಜಿನ ಮೇಲಿಂದ ಕೈ ಚಾಚಿ ಆರ್ನೆಯ ತೋಳನ್ನು ತಟ್ಟಿದ. ಆ ತಟ್ಟುವಿಕೆಯಲ್ಲಿ ಸ್ನೇಹವಿತ್ತು, ಕಾಯಿಲೆಯವರನ್ನು ಸಮಾಧಾನ ಮಾಡುವ ರೀತಿಯೂ ಇತ್ತು. ಆ ಎರಡನೆಯದು ಅವನನ್ನು ಕುಗ್ಗಿಸಿತು. ಚುಚ್ಚುಮದ್ದು ಕೊಟ್ಟೇ ಮಾಡಬೇಕೆಂಬ ನಿಯಮ ಇರಲಿ ಎಂದು ರೂತ್ ಸೂಚಿಸಿದಳು. ವೈದ್ಯರಿಗೆ ಇಷ್ಟವಿದ್ದರೆ ಕೊಡಬಹುದು ಎಂದಿರಲಿ ಎಂದ ಪ್ರಾಟ್. ಕೈ ಎತ್ತಿದಾಗ ಮೂರು ಪ್ರಾಟ್‌ನ ಕಡೆ, ಎರಡು ರೂತ್‌ಳ ಕಡೆ. ಮಿಸೆಸ್ ಲುಂಡ್ ಕೈ ಎತ್ತುವಾಗ ಆರ್ನೆಯ ಕಡೆ ನೋಡಲಿಲ್ಲ. ಸಭೆ ಮುಗಿಯಿತು. ಬಾಗಿಲ ಹತ್ತಿರ ಪ್ರಾಟ್ ತಡೆದು, ನೀನು ರಜೆ ತಗೊಂಡು ಎಷ್ಟು ದಿನವಾಯಿತು ಎಂದು ಕೇಳಿದ. ಮೆಟ್ಟಿಲಿಳಿಯುತ್ತ ಆರ್ನೆ ಹೊಸ ಸಾಲನ್ನು ಮನಸ್ಸಿನಲ್ಲಿ ಓದಿಕೊಂಡ: ನಿಮ್ಮ ವೈದ್ಯರೊಡನೆ ಮಾತನಾಡಿ. ಟ್ಯಾಮಿ ಮಾತನಾಡಿದ್ದಳಲ್ಲ. ವೈದ್ಯ ಹೊದಿಕೆ ಸರಿಮಾಡಿ ಓಡಿಬಂದಿದ್ದ.

ಮನೆಗೆ ಬಂದಾಗ ಗ್ಲೆನ್‌ನ ಟ್ರಕ್ ಅಂಗಳದಲ್ಲಿ ನಿಂತಿತ್ತು. ಅಡಿಗೆಮನೆಯಲ್ಲಿ ಮೀನಿನ ಸಾರು ಕುದಿಯುತ್ತಿತ್ತು. ಏಲಕ್ಕಿ ಹಾಕಿದ ಬ್ರೆಡ್ಡಿನ ವಾಸನೆ ಮನೆಯೆಲ್ಲ ತುಂಬಿತ್ತು. ಐಲಿ ಮತ್ತು ಮೊರೀನ್ ಮೇಜಿನ ಮೇಲೆ ಚಿಕ್ಕ ಅಂಗಿಗಳನ್ನು ಹರಡಿಕೊಂಡಿದ್ದರು. ನೆಲಮಾಳಿಗೆಯಲ್ಲಿ ಸೌನಾ ಕಾದಿತ್ತು. ಬುಧವಾರ ಶನಿವಾರ ಅದು ತಪ್ಪುತ್ತಿರಲಿಲ್ಲ. ಅಪ್ಪ ಮಗ ಇಬ್ಬರೂ ಹೋಗಿ ಮೇಲಿನ ಹಲಗೆಯಲ್ಲಿ ಕೂತರು. ಗ್ಲೆನ್ ಹೈಸ್ಕೂಲಿನಲ್ಲಿ ಮರಗೆಲಸ ಕಲಿಸುತ್ತಿದ್ದ. ಅಂದು ಹುಡುಗನೊಬ್ಬ ಗರಗಸದ ಹತ್ತಿರ ಮಾಡಿದ ಕೋತಿಚೇಷ್ಟೆಯ ಕತೆ ಹೇಳಿ ನಗುತ್ತಿದ್ದ. ಅವನ ಅಗಲ ಬೆನ್ನು, ಬೆವರಿನಿಂದ ಹೊಳೆಯುವ ಹೆಗಲು ನೋಡುತ್ತ ಆರ್ನೆಗೆ, ಇವನಿಗೆ ಏನು ಕೊರತೆಯಾಗಿದೆ, ಯಾಕೆ ಈ ಮಾತು ಎತ್ತಬೇಕು ಎನ್ನಿಸಿತು. ಏನೂ ಎತ್ತದೆ, ಆಗಲಿ, ಮಾಡುತ್ತೇನೆ, ಈಗ ಸೂಜಿ ಇದೆ, ನೋವಾಗುವುದಿಲ್ಲ ಎಂದುಬಿಡಬಹುದು. ಅದು ಸುಳ್ಳೂ ಅಲ್ಲ. ಅಷ್ಟರಲ್ಲಿ ಗ್ಲೆನ್ ತಾನೇ ಕೇಳಿದ, ಮಾಡಿಕೊಡುತ್ತೀಯಲ್ಲ ಎಂದು.

"ಇಲ್ಲ," ಎಂದ ಆರ್ನೆ.

ಗ್ಲೆನ್ ತಿರುಗಿ ನೋಡಿದ. ವಯಸ್ಸಾಯಿತು ಅಂತಲೇ, ಕೈ ನಡುಗುತ್ತದೆಯೇ ಎಂದು ಕೇಳಿದ. ಕೈ ನಡುಗುವುದಿಲ್ಲ ಎಂದ. ಆಮೇಲೆ ಹೇಳತೊಡಗಿದ, ಬೆಳಗಿನ ಸೂಜಿ, ದೀಪ ನೋಡುತ್ತ ಸುಮ್ಮನೆ ಮಲಗಿದ ಮಗು, ಹದಿನೇಳು ವರ್ಷ ಎಷ್ಟೋ ಸಾವಿರ ತಾಯಂದಿರು ಓದಿ ಸಹಿ ಹಾಕಿದ ಸಾಲು, ಅದಕ್ಕೂ ಮುಂಚೆ ಬಾಯಿಮಾತಿನಲ್ಲೇ ಹೇಳಿದ ಅದೇ ಸಾಲು. ಸುನ್ನತಿ ಬೇಕೋ ಬೇಡವೋ ನೀವಿಬ್ಬರೂ ಯೋಚಿಸಿ, ಬೇಕೆಂದರೆ ಡಾಕ್ಟರ್ ಗಿಟ್ಲಿನ್ ನೋವಿಲ್ಲದೆ ಮಾಡುತ್ತಾಳೆ, ನನ್ನ ಕೈಯಿಂದ ಬೇಡ, ನಿನಗೆ ಮಾಡಿದಾಗ ನಾನು ಏನೂ ಕೊಟ್ಟಿರಲಿಲ್ಲ ಎಂದ. ಗ್ಲೆನ್ ಬಿಸಿ ಕಲ್ಲಿಗೆ ನೀರು ಹಾಕಿದ. ಕಲ್ಲುಗಳು ಸಿಡಿಯುತ್ತಿದ್ದವು.

"ನಂಗೆ ಅದು ನೆನಪೇ ಇಲ್ಲ ಅಪ್ಪ. ಒಂದು ದಿನಾನೂ ಅದರ ಬಗ್ಗೆ ಯೋಚ್ನೆ ಮಾಡಿದೋನಲ್ಲ ನಾನು. ಈಗ ಇದನ್ನ ಹೇಳ್ತಿರೋದು ನಂಗೋಸ್ಕರಾನಾ, ನಿಂಗೋಸ್ಕರಾನಾ?"

ತನಗೋಸ್ಕರ ಎಂಬುದು ಆರ್ನೆಗೆ ಸ್ಪಷ್ಟವಾಗಿಯೇ ಕಂಡಿತು. ಎಂಟು ಸಾವಿರ ಮಂದಿಯಲ್ಲಿ ಹೆಸರು ಹಿಡಿದು ಕರೆಯಬಹುದಾದವನು ಇವನೊಬ್ಬನೇ, ಅದಕ್ಕೆ ಹೊರೆಯೆಲ್ಲ ಇವನ ಹೆಗಲಿಗೆ. ಗ್ಲೆನ್ ಕೆಳಗಿನ ಹಲಗೆಗೆ ಇಳಿದು, ಬೆನ್ನು ಹಾಕಿಕೊಂಡು, ನಾನು ಅತ್ತಿದ್ದೆನಾ ಎಂದು ಕೇಳಿದ. ಎಲ್ಲ ಮಕ್ಕಳ ಹಾಗೆ ಎಂದ ಆರ್ನೆ. ಹಾಗಂದದ್ದೇ, ಇಡೀ ದಿನ ತಾನು ಹಿಡಿದು ಎಳೆದು ಹೊರಗೆ ತಂದದ್ದು ಮತ್ತೆ ಒಳಕ್ಕೆ ಜಾರಿಹೋದ ಹಾಗಾಯಿತು. ಗ್ಲೆನ್ ಟವೆಲ್ ಸುತ್ತಿಕೊಂಡು ಹೊರಗೆ ಹೋದ.

ಊಟಕ್ಕೆ ಕೂತಾಗ ಮೊರೀನ್ ಗಂಡನ ಮುಖ ನೋಡಿದಳು, ಮಾವನ ಮುಖ ನೋಡಿದಳು, ಕೆಳಗೆ ಏನಾಯಿತು ಎಂದು ನೇರವಾಗಿ ಕೇಳಿದಳು. ಅಪ್ಪ ಮಾಡುವುದಿಲ್ಲವಂತೆ ಎಂದು ಗ್ಲೆನ್ ಎರಡು ಮಾತಿನಲ್ಲಿ ಹೇಳಿ ಮುಗಿಸಿದ. ಅವಳು ಚಮಚ ಕೆಳಗಿಟ್ಟು, ಮಾಡಿಸುವುದೆಂದು ತೀರ್ಮಾನ ಮಾಡಿದ್ದು ಯಾರು ಎಂದು ಕೇಳಿದಳು. ನೀನು ಫೋನ್ ಮಾಡಿದ್ದು ನನಗೆ ಈಗ ಗೊತ್ತಾಗುತ್ತಿದೆ ಎಂದಳು. ಗ್ಲೆನ್ ಕೆಂಪಾದ. ಎಲ್ಲರೂ ಮಾಡಿಸುತ್ತಾರಲ್ಲ, ಅದರಲ್ಲಿ ಕೇಳುವುದೇನು ಎಂದುಕೊಂಡಿದ್ದೆ ಎಂದು ತೊದಲಿದ. ಅವಳಿಗೆ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ; ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನಾವಿಬ್ಬರೂ ಕೂತು ಯೋಚನೆ ಮಾಡುತ್ತೇವೆ ಮಾವ, ನಮಗೆ ಬಿಡಿ ಎಂದಳು.

ಐಲಿ ಅಷ್ಟು ಹೊತ್ತೂ ಬ್ರೆಡ್ಡು ಕತ್ತರಿಸುತ್ತಿದ್ದಳು. ತಲೆಯೆತ್ತದೆ, ಯಾರನ್ನೂ ಉದ್ದೇಶಿಸದೆ ಹೇಳಿದಳು:

"ಅವತ್ತು ನಾನು ಬಾಗಿಲ ಆಚೆ ನಿಂತಿದ್ದೆ."

ಆರ್ನೆಗೆ ಮೊದಲು ಅರ್ಥವಾಗಲಿಲ್ಲ. ಯಾವತ್ತು ಎಂದ. ಹೆರಿಗೆಯಾದ ಮೂರನೆಯ ದಿನ ಎಂದಳು. ಏಳಬೇಡ ಅಂದಿದ್ದರು, ಮಗುವನ್ನು ತೆಗೆದುಕೊಂಡು ಹೋದ ಮೇಲೆ ಮಲಗಲಾಗಲಿಲ್ಲ, ಗೋಡೆ ಹಿಡಿದುಕೊಂಡು ಆ ಕಾರಿಡಾರಿನ ಕೊನೆಯವರೆಗೂ ನಡೆದು ಹೋಗಿದ್ದೆ. ಬಾಗಿಲಿಗೆ ಗಾಜಿರಲಿಲ್ಲ. ಕಾಣಿಸುತ್ತಿರಲಿಲ್ಲ, ಬರೀ ಕೇಳಿಸುತ್ತಿತ್ತು. ಅವಳ ದನಿ, ಸಾರಿಗೆ ಉಪ್ಪು ಸಾಕೇ ಎಂದು ಕೇಳುವಾಗಿನಷ್ಟೇ ಸಮವಾಗಿತ್ತು.

"ನೀನು ಬರೋ ಸದ್ದಾದಾಗ ಓಡಿಬಂದು ಹಾಸಿಗೇಲಿ ಮಲಗಿದೆ. ನೀನು ಬಂದು, ಅವನು ಅಳಲೇ ಇಲ್ಲ ಐಲಿ, ಅಂದೆ. ನಾನು, ಒಳ್ಳೇದಾಯ್ತು, ಅಂದೆ."

ಗ್ಲೆನ್ ತಾಯಿಯನ್ನೇ ನೋಡುತ್ತಿದ್ದ. ಇಪ್ಪತ್ತೊಂಬತ್ತು ವರ್ಷ, ಎಂದುಕೊಂಡ ಆರ್ನೆ. ಈ ಮೇಜಿನ ಮುಂದೆ, ಇದೇ ಕುರ್ಚಿಯಲ್ಲಿ ಕೂತು, ಆಸ್ಪತ್ರೆಯಿಂದ ಬಂದ ಎಷ್ಟೋ ಸಂಜೆ, ಇವತ್ತು ಎರಡು ಮಾಡಿದೆ, ಮೂರು ಮಾಡಿದೆ ಎಂದು ಹೇಳಿದ್ದ. ಅವಳು ಬಡಿಸುತ್ತ ಕೇಳಿಸಿಕೊಂಡಿದ್ದಳು. ಕರಪತ್ರದ ಕರಡನ್ನು ಮೊದಲು ಓದಿ ಕಾಗುಣಿತ ತಿದ್ದಿಕೊಟ್ಟವಳೂ ಅವಳೇ. ಯಾಕೆ ಹೇಳಲಿಲ್ಲ ಎಂದು ಕೇಳಿದ. ಕೇಳಿದ ಮೇಲೆ ಆ ಪ್ರಶ್ನೆ ಕೇಳುವ ಹಕ್ಕು ತನಗಿಲ್ಲವೆಂದು ನಾಚಿಕೆಯಾಯಿತು. ಐಲಿ ಚಾಕುವನ್ನು ಒರೆಸಿ ಪಕ್ಕಕ್ಕಿಟ್ಟಳು. ಮೊದಮೊದಲು ನಿನಗೆ ಬೇಸರವಾಗುತ್ತದೆಂದು ಹೇಳಲಿಲ್ಲ ಎಂದಳು. ಆಮೇಲೆ ನೀನಾಗಿಯೇ ಹೇಳುತ್ತೀಯೆಂದು ಕಾದೆ. ಅದೂ ಆದ ಮೇಲೆ, ನಾನೂ ಅದರಲ್ಲಿ ಸೇರಿಹೋಗಿದ್ದೆನಲ್ಲ.

ಮೊರೀನ್ ಅತ್ತೆಯ ಕೈ ಮೇಲೆ ಕೈಯಿಟ್ಟಳು. ಐಲಿ ಅದನ್ನು ಹಾಗೇ ಇರಗೊಟ್ಟು, ಗಂಡನ ಕಡೆಗೆ ತಿರುಗಿದಳು.

"ಈಗ ಹೇಳು ಆರ್ನೆ. ಕಮಿಟಿಗೆ ಹೇಳಿದ ಹಾಗಲ್ಲ. ಇವನಿಗೆ ಹೇಳು."

ಅವನು ಮಗನ ಮುಖ ನೋಡಿದ. ಸೌನಾದ ಬಿಸಿಗೆ ಇನ್ನೂ ಕೆಂಪಗಿದ್ದ ಮುಖ, ಹಣೆಗೆ ಅಂಟಿದ ಒದ್ದೆ ಕೂದಲು. ಎಂಟು ಸಾವಿರದಲ್ಲಿ ಒಂದನ್ನೂ ನೆನಪಿಟ್ಟಿಲ್ಲ ಎಂದುಕೊಂಡಿದ್ದ. ಒಂದು ಇತ್ತು. ಒಂದು ಯಾವಾಗಲೂ ಇತ್ತು.

"ನೀನು ಅಳ್ತಿದ್ದೆ," ಎಂದ. "ತುಂಬಾ ಅಳ್ತಿದ್ದೆ ಗ್ಲೆನ್. ಉಸಿರು ಕಟ್ಟೋ ಹಾಗೆ. ಆಮೇಲೆ ದನಿ ಹೋಯ್ತು, ಬಾಯಿ ಮಾತ್ರ ತೆರೀತಿತ್ತು. ನಾನು ನಿಲ್ಲಿಸಲಿಲ್ಲ."

"ಹೌದು," ಎಂದಳು ಐಲಿ.